ಮೋಡ ಕಾಯುವ ಕೆಲಸ

ಹೆಣ್ಣು ನೋಡಲು ಮಾಗಡಿ ಕಡೆಯ ಒಂದು ಹಳ್ಳಿಗೆ ಹೋಗಿದ್ದೆವು. ಉಪ್ಪಿಟ್ಟು, ಬಾಳೆಹಣ್ಣು ಮುಗಿದು ಕಾಫಿ ಲೋಟ ಕೈಗೆ ಬರುವ ಹೊತ್ತಿಗೆ, ಅಲ್ಲಿಯ ತನಕ ಕಂಬಕ್ಕೊರಗಿ ಸುಮ್ಮನೆ ಕೂತಿದ್ದ ಹುಡುಗಿಯ ತಾತ ಬಾಯಿಬಿಟ್ಟರು: "ಹುಡುಗ ಏನ್ ಕೆಲ್ಸ ಮಾಡ್ಕೊಂಡವ್ನೆ?" ನಾನು 'ಕ್ಲೌಡ್ ಇನ್‌ಫ್ರಾಸ್ಟ್ರಕ್ಚರ್ ಮಾನಿಟರಿಂಗ್' ಎನ್ನಲು ಉಸಿರೆಳೆದುಕೊಳ್ಳುವಷ್ಟರಲ್ಲಿ ಕನಕಪುರದ ಸೋದರಮಾವ ನಡುವೆ ಬಾಯಿ ಹಾಕಿ ಎಲ್ಲರಿಗೂ ತಿಳಿಯುವ ಹಾಗೆ ಹೇಳಿಬಿಟ್ಟ: "ಮೋಡ ಕಾಯ್ತಾನೆ."

ತಾತ ಒಂದು ಗುಟುಕು ಕಾಫಿ ಕುಡಿದು ಯೋಚಿಸಿದರು. "ಕಾದ್ರೆ ಮಳೆ ಬತ್ತದಾ?"

"ಬರ್ಸೋದಲ್ಲ ತಾತ, ಬೀಳ್ದಂಗೆ ನೋಡ್ಕೊಳ್ಳೋದು" ಅಂದೆ.

ಮಳೆ ಯಾವಾಗ ಬಿದ್ದೀತೋ ಎಂದು ಆಕಾಶ ನೋಡುತ್ತ ಕೂತ ಸೀಮೆಯಲ್ಲಿ, ಮೋಡ ಬೀಳದ ಹಾಗೆ ನೋಡಿಕೊಳ್ಳುವವನಿಗೆ ಹೆಣ್ಣು ಕೊಟ್ಟದ್ದು ಆ ಮನೆಯವರ ದೊಡ್ಡ ಗುಣ.

ಮಾವ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಮ್ಮ ಕಂಪನಿಯ ಆ್ಯಪ್ ಓಡುವ ಯಂತ್ರಗಳು ಕಂಪನಿಯವಲ್ಲ, ಬಾಡಿಗೆಯವು. ಮುಂಬೈಯಲ್ಲಿವೆ ಎನ್ನುತ್ತಾರೆ, ನಾನು ಕಣ್ಣಾರೆ ಕಂಡಿಲ್ಲ. ಸಿಪಿಯು ಎಷ್ಟು ಏದುಸಿರು ಬಿಡುತ್ತಿದೆ, ಮೆಮೊರಿ ಎಷ್ಟು ತುಂಬಿದೆ, ಗಿರಾಕಿ ಗುಂಡಿ ಒತ್ತಿದರೆ ಉತ್ತರ ಎಷ್ಟು ಮಿಲಿಸೆಕೆಂಡಿಗೆ ಬರುತ್ತಿದೆ ಎಂಬುದೆಲ್ಲ ಹಸಿರು ಗೆರೆಗಳಾಗಿ ನನ್ನ ಪರದೆಯ ಮೇಲೆ ಹರಿಯುತ್ತಿರುತ್ತದೆ. ಗೆರೆ ಮಿತಿ ದಾಟಿತೋ, ಫೋನು ಕಿರುಚುತ್ತದೆ. ಸರದಿಯ ವಾರ ಬಂದರೆ ರಾತ್ರಿ ಎರಡು ಗಂಟೆಗೆ ಕಿರುಚಿದರೂ ಐದು ನಿಮಿಷದೊಳಗೆ ಎತ್ತಬೇಕು. ಇದಕ್ಕೆ 'ಆನ್-ಕಾಲ್' ಎಂದು ಹೆಸರು. ನನ್ನ ಹೆಂಡತಿ ಇದನ್ನು 'ಸೂತಕದ ವಾರ' ಎನ್ನುತ್ತಾಳೆ. ಆ ಏಳು ದಿನ ನಾನು ಮದುವೆ, ಮುಂಜಿ, ದೇವಸ್ಥಾನ ಯಾವುದಕ್ಕೂ ಹೋಗುವಂತಿಲ್ಲ.

ಗಿರಾಕಿಗಳಿಗೆ ನಾವು ಬರೆದುಕೊಟ್ಟ ಮಾತು 99.99 ಪರ್ಸೆಂಟು. ಅಂದರೆ ವರ್ಷಕ್ಕೆಲ್ಲ ಸೇರಿ 52 ನಿಮಿಷದ ಮೇಲೆ ಸೇವೆ ನಿಲ್ಲಕೂಡದು. ಇದನ್ನು ಅಪ್ಪನಿಗೆ ವಿವರಿಸಿದಾಗ ಅವನು ಬಹಳ ಹೊತ್ತು ನಕ್ಕ. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕರೆಂಟು ಸಿಕ್ಕರೆ ಅವನ ಲೆಕ್ಕದಲ್ಲಿ ಅದೇ ನೂರಕ್ಕೆ ನೂರು.

2020ರಲ್ಲಿ ಎಲ್ಲರ ಹಾಗೆ ನಾನೂ ಲ್ಯಾಪ್‌ಟಾಪ್ ಎತ್ತಿಕೊಂಡು ಚನ್ನಪಟ್ಟಣದ ಹತ್ತಿರದ ನಮ್ಮೂರಿಗೆ ಬಂದೆ, ವಾಪಸ್ ಹೋಗಲಿಲ್ಲ. ಆಮೇಲೊಂದು ದಿನ ಕಂಪನಿಯವರು ಎಲ್ಲರೂ ಬೆಂಗಳೂರಿಗೆ ಮರಳಬೇಕೆಂದು ಮೇಲ್ ಕಳಿಸಿದರು. ನಾನು ಮೂಟೆ ಕಟ್ಟುವ ಯೋಚನೆಯಲ್ಲಿದ್ದಾಗ, 2007ರಲ್ಲಿ ಹುಟ್ಟಿದ ನಮ್ಮ ರಾಮನಗರ ಜಿಲ್ಲೆಗೆ 2025ರಲ್ಲಿ ಸರ್ಕಾರ 'ಬೆಂಗಳೂರು ದಕ್ಷಿಣ' ಎಂದು ಹೆಸರಿಟ್ಟಿತು. ಜಿಲ್ಲೆಯೇ ಬೆಂಗಳೂರಿಗೆ ಬಂದ ಮೇಲೆ ನಾನು ಬೇರೆ ಯಾಕೆ ಬರಬೇಕು ಎಂದು ಉತ್ತರ ಬರೆದೆ. ಮ್ಯಾನೇಜರು ಇನ್ನೂ ಅದನ್ನು ಓದುತ್ತಿದ್ದಾರೆ.

ನಮ್ಮ ಮನೆಯಲ್ಲಿ ನೆಟ್‌ವರ್ಕ್ ಸರಿಯಾಗಿ ಸಿಗುವುದು ಒಂದೇ ಕೋಣೆಯಲ್ಲಿ, ಅದರ ಗೋಡೆಯಾಚೆಗೆ ರೇಷ್ಮೆ ಸಾಕುವ ಹುಳು ಮನೆ. ಹೀಗಾಗಿ ಒಂದೇ ಗೋಡೆಯ ಈಚೆ ನನ್ನ ಕಾವಲು, ಆಚೆ ಅವ್ವನ ಕಾವಲು. ಅವಳದು ಮೂವತ್ತು ವರ್ಷದ ಸರ್ವಿಸು. ಒಂದು ಚಿಟ್ಟೆ ಇಟ್ಟ ಮೊಟ್ಟೆಗಳೆಲ್ಲ ಸೇರಿ ನಮ್ಮಲ್ಲಿ ಒಂದು ಮೊಟ್ಟೆಯ ಲೆಕ್ಕ, ಅಂಥ ನೂರು ಮೊಟ್ಟೆ ಸಾಕಿದರೆ ಹತ್ತಿರಹತ್ತಿರ ಐವತ್ತು ಸಾವಿರ ಹುಳು. ನಾನು ಸೇರಿದಾಗ ನಮ್ಮ ಕಂಪನಿಗೇ ಅಷ್ಟು ಗಿರಾಕಿಗಳಿರಲಿಲ್ಲ. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27-28 ಡಿಗ್ರಿ ಬೆಚ್ಚಗಿರಬೇಕು, ತೇವ 85ರ ಮೇಲಿರಬೇಕು. ದೊಡ್ಡ ಹುಳುವಾದರೆ 24-25 ಡಿಗ್ರಿ, ತೇವ 70ರ ಆಸುಪಾಸು. ತೇವ ಏರಿದರೆ ಸುಣ್ಣಕಟ್ಟು, ಸೆಕೆ ಏರಿದರೆ ಹಾಲು ರೋಗ, ಪರದೆ ಹರಿದಿದ್ದರೆ ಊಜಿ ನೊಣ. ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಭಾಗ ಕೊನೆಯ ಆರೇಳು ದಿನದಲ್ಲೇ ತಿನ್ನುತ್ತವೆ. ನಮ್ಮಲ್ಲಿ ಹೀಗೆ ದಿಢೀರನೆ ಬೇಡಿಕೆ ಏರಿದರೆ ಯಂತ್ರಗಳು ತಾವಾಗಿಯೇ ಹೆಚ್ಚುವ ಏರ್ಪಾಡಿದೆ, 'ಆಟೋ ಸ್ಕೇಲಿಂಗ್'. ಅವ್ವನ ಏರ್ಪಾಡಿನಲ್ಲಿ ಅಪ್ಪ ಬೆಳಗಿನ ಜಾವ ಟಿವಿಎಸ್ ಹತ್ತಿ ಪಕ್ಕದೂರಿಗೆ ಸೊಪ್ಪು ಕೊಳ್ಳಲು ಓಡುತ್ತಾನೆ. ಬಿಲ್ಲು ನೋಡಿ ಎದೆ ಹಿಡಿದುಕೊಳ್ಳುವುದು ಮಾತ್ರ ಎರಡೂ ಕಡೆ ಒಂದೇ.

ಮೋಡ ಎಂದರೆ ಇಬ್ಬರಿಗೂ ದಿಗಿಲು. "ಇವತ್ತು ಮೋಡ ಎಂಗೈತೋ?" ಎಂದು ಅವಳು ಗೋಡೆಯಾಚೆಯಿಂದ ಕೇಳಿದರೆ ನಾನು ಪರದೆ ನೋಡಿ "ಚೆನ್ನಾಗೈತೆ" ಎನ್ನುತ್ತಿದ್ದೆ. ಅವಳು ಕೇಳಿದ್ದು ಆಕಾಶದ ಮೋಡ, ಮೋಡ ಮುಸುಕಿದರೆ ಹುಳು ಮನೆಯ ತೇವ ಏರುತ್ತದೆ. ನನ್ನ ಮಾತು ನಂಬಿ ಅವಳು ಕಿಟಕಿ ತೆರೆಯದೆ ಬಿಟ್ಟ ದಿನಗಳ ಲೆಕ್ಕ ನನಗೆ ಸಿಕ್ಕಿದ್ದು ಬಹಳ ತಡವಾಗಿ.

ಸುಳ್ಳು ಗಂಟೆಯ ಕಾಟ ಏನೆಂದು ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಅರ್ಥ ಮಾಡಿಸಿದವನು ಕನಕಪುರದ ಮಾವ. ಅವನ ರಾಗಿ ಹೊಲ ಕಾಡಂಚಿಗಿದೆ. ಕೊಯ್ಲಿನ ಕಾಲಕ್ಕೆ ಆನೆ ಬರುತ್ತವೆ. ಹೊಲದ ಸುತ್ತ ತಂತಿ ಎಳೆದು, ತಂತಿಗೆ ಎಣ್ಣೆ ಡಬ್ಬಗಳನ್ನು ಕಟ್ಟಿ, ಅಟ್ಟಣೆ ಮೇಲೆ ಮಲಗುತ್ತಾನೆ. ಆನೆ ತಂತಿ ಮುಟ್ಟಿದರೆ ಡಬ್ಬ ಬಡಿಯುತ್ತದೆ, ಮಾವ ಎದ್ದು ಪಟಾಕಿ ಹಚ್ಚುತ್ತಾನೆ. ಲೆಕ್ಕ ಚೆನ್ನಾಗಿದೆ. ಆದರೆ ಡಬ್ಬ ಗಾಳಿಗೂ ಬಡಿಯುತ್ತದೆ, ಮೊಲಕ್ಕೂ ಬಡಿಯುತ್ತದೆ, ಹಗ್ಗ ಬಿಚ್ಚಿಕೊಂಡ ಪಕ್ಕದವರ ಎಮ್ಮೆಗೂ ಬಡಿಯುತ್ತದೆ. ಒಂದು ವರ್ಷ ಎಂಟು ರಾತ್ರಿ ಹೀಗೆ ಎದ್ದೆದ್ದು ಸಾಕಾಗಿ, ಒಂಬತ್ತನೆಯ ರಾತ್ರಿ ಡಬ್ಬಗಳೊಳಗೆ ಹಳೇ ಪಂಚೆ ಹರಿದು ತುರುಕಿ ನಿದ್ದೆ ಹೋದ. ಬೆಳಿಗ್ಗೆ ಎದ್ದರೆ ಅಟ್ಟಣೆಯ ಸುತ್ತ ಅರ್ಧ ಎಕರೆ ರಾಗಿ ಇಲ್ಲ. "ಪಾಪ, ಸದ್ದಿಲ್ದೆ ತಿಂದ್ಕೊಂಡ್ ವೋಗವೆ" ಎಂದು ಆನೆಯ ಮರ್ಯಾದೆಯನ್ನು ಇವತ್ತಿಗೂ ಹೊಗಳುತ್ತಾನೆ. ನಾವೂ ಡಬ್ಬಕ್ಕೆ ಪಂಚೆ ತುರುಕುತ್ತೇವೆ. ಅದಕ್ಕೆ 'ಮ್ಯೂಟ್' ಎಂಬ ಗುಂಡಿಯೇ ಇದೆ.

ಇನ್ನೊಂದು ಬಗೆಯ ಫಜೀತಿಯೂ ಉಂಟು, ಅದು ದೊಡ್ಡವರ ಮನೆಯದು. 2017ರ ಫೆಬ್ರುವರಿ 28ರಂದು ಅಮೆಜಾನ್‌ನ ವರ್ಜೀನಿಯಾ ಕೇಂದ್ರದಲ್ಲಿ ಒಂದು ಕಮಾಂಡ್ ತಪ್ಪಾಗಿ ಟೈಪಾಗಿ, ಎಸ್3 ಎಂಬ ಉಗ್ರಾಣ ಸೇವೆ ಸುಮಾರು ನಾಲ್ಕು ಗಂಟೆ ಮಲಗಿಬಿಟ್ಟಿತು. ಅದನ್ನು ನಂಬಿದ್ದ ಎಷ್ಟೋ ಸೈಟುಗಳು ಜೊತೆಗೇ ಮಲಗಿದವು. ಆದರೆ 'ಯಾವ ಸೇವೆ ಹೇಗಿದೆ' ಎಂದು ಊರಿಗೆಲ್ಲ ಸಾರುವ ಅವರ ಫಲಕ ಮಾತ್ರ ಹಸಿರು ದೀಪ ಉರಿಸಿಕೊಂಡು ಕೂತಿತ್ತು. ಯಾಕೆಂದರೆ ಆ ಫಲಕವನ್ನು ಬದಲಾಯಿಸುವ ವ್ಯವಸ್ಥೆಯೂ ಎಸ್3 ಮೇಲೇ ನಿಂತಿತ್ತು. ಊರಿಗೆ ಬೆಂಕಿ ಬಿದ್ದಿದೆ ಎಂದು ಸಾರಬೇಕಾದವನ ತಮಟೆಯೇ ಆ ಬೆಂಕಿಯಲ್ಲಿ ಸಿಕ್ಕಿಕೊಂಡ ಹಾಗೆ. ಇದನ್ನು ಓದಿ ನಾನು ನಕ್ಕಿದ್ದೆ. ನಗಬಾರದಿತ್ತು.

ಅವ್ವ ಬರೀ ಕೈ, ಕಿವಿ, ಮೂಗು ನಂಬಿಕೊಂಡು ಹುಳು ಮನೆ ನಡೆಸುವುದು ನೋಡಿ ನನ್ನೊಳಗಿನ ಇಂಜಿನಿಯರನಿಗೆ ಕನಿಕರ ಹುಟ್ಟಿತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಉಷ್ಣಾಂಶ, ತೇವ ಅಳೆಯುವ ಪುಟ್ಟ ಸೆನ್ಸರ್ ತಂದೆ. ಅದನ್ನಿಡಲು ಪ್ಲಾಸ್ಟಿಕ್ ಡಬ್ಬಿ ಸಾಕಿತ್ತು, ಆದರೆ ಚನ್ನಪಟ್ಟಣದವನು ಎಂಬ ಅಭಿಮಾನ ಬಿಡಬೇಕಲ್ಲ. ಗೊಂಬೆ ಮಾಡುವ ಗೆಳೆಯನ ಹತ್ತಿರ ಹಾಲೆ ಮರದಲ್ಲಿ ಗುಂಡಗೆ ಕಡೆಸಿ, ಕೆಂಪು ಹಳದಿ ಅರಗು ಹಾಕಿಸಿ, ತಾಳೆಗರಿಯಲ್ಲಿ ತಿಕ್ಕಿ ಹೊಳಪು ಬರಿಸಿ, ಮೇಲೆ ಮೂರು ತೂತು ಕೊರೆಸಿದೆ. ಹುಳು ಮನೆಯ ತೊಲೆಗೆ ನೇತುಹಾಕಿದೆ. ಅಂಕಿಗಳು ಹಾರಿ ಮುಂಬೈಗೆ ಹೋಗಿ, ಅಲ್ಲಿಂದ ಮರಳಿ, ಗೋಡೆಯ ಈಚೆ ನನ್ನ ಪರದೆಯ ಮೇಲೆ ಗೆರೆಯಾಗಿ ಮೂಡತೊಡಗಿದವು. ಆರಡಿ ದೂರದ ಸುದ್ದಿ ಹೀಗೆ ಮುಂಬೈಗೆ ಹೋಗಿ ಬರುವುದು ಅಪ್ಪನಿಗೆ ಸರಿ ಕಾಣಲಿಲ್ಲ. "ಕಿಟ್ಕೀಲಿ ಇಣಿಕಿದ್ರಾಗದಾ?" ಎಂದ.

ನಾಲ್ಕು ದಿನ ಗೆರೆ ಏರಿಳಿಯಿತು. ಐದನೆಯ ದಿನದಿಂದ ನೋಡಿ, ಅದೇನು ಶಿಸ್ತು! ಹಗಲೂ ರಾತ್ರಿ 25 ಡಿಗ್ರಿ, ದಾರ ಎಳೆದ ಹಾಗೆ. ಆದರೆ ಶುಕ್ರವಾರ ಸಂಜೆ ಆರೂವರೆಗೆ ಗಕ್ಕನೆ ಮೇಲೆ ಚಿಮ್ಮಿ, ಹತ್ತು ನಿಮಿಷಕ್ಕೆ ಇಳಿಯುತ್ತಿತ್ತು. ಮುಂದಿನ ಶುಕ್ರವಾರವೂ ಅಷ್ಟೇ. ವಾರಕ್ಕೊಮ್ಮೆ ಸರಿಯಾಗಿ ಒಂದೇ ಹೊತ್ತಿಗೆ ಆಗುವ ಕೆಲಸವನ್ನು ನಮ್ಮಲ್ಲಿ 'ಕ್ರಾನ್ ಜಾಬ್' ಎನ್ನುತ್ತೇವೆ. ಹುಳು ಮನೆಯಲ್ಲಿ ಎಲ್ಲಿಯ ಕ್ರಾನ್ ಜಾಬು? ಸೂರ್ಯನ ಬಿಸಿಲಿನ ಕೋನ ಲೆಕ್ಕ ಹಾಕಿದೆ. ವೈರ್ ಬದಲಾಯಿಸಿದೆ. ಮೂರನೆಯ ಶುಕ್ರವಾರ ಕಾದು ನಿಂತಾಗ ದೇವರ ಮನೆಯಿಂದ ಗಂಟೆ ಸದ್ದು ಕೇಳಿಸಿತು. ಇಣುಕಿದರೆ, ನನ್ನ ಸೆನ್ಸರ್ ಕಬ್ಬಾಳಮ್ಮನ ಪಟದ ಮುಂದೆ, ಅರಿಶಿನದ ಬಟ್ಟಲ ಪಕ್ಕ ವಿರಾಜಮಾನ. ಅವ್ವ ಕರ್ಪೂರ ಬೆಳಗುತ್ತಿದ್ದಳು. "ಇಷ್ಟ್ ಚೆಂದದ ಕುಂಕುಮದ ಭರಣಿಯ ಯಾವನೋ ಮೂದೇವಿ ಹುಳಿನ್ ಮನೇಲಿ ನೇತಾಕಿದ್ದ ಕಣ್ಲಾ." ನೋಡಿದರೆ ಮುಚ್ಚಳದ ತೂತುಗಳಿಗೂ ಕುಂಕುಮ ಮೆತ್ತಿತ್ತು.

ಆ ಮೂರು ವಾರ ಹುಳು ಮನೆ ಕ್ಷೇಮವಾಗಿದೆ ಎಂದು ನಾನು ನಂಬಿದ್ದು ದೇವರ ಮನೆಯ ಅಂಕಿಗಳನ್ನು. ಹುಳು ನಿಜವಾಗಿ ಕ್ಷೇಮವಾಗಿಯೇ ಇದ್ದವು, ಅದರ ಕಾರಣ ಬೇರೆ. ಅವ್ವ ಮಲಗುವುದು ಗೋಡೆಗೆ ತಲೆ ಕೊಟ್ಟು. ದೊಡ್ಡ ಹುಳು ಸೊಪ್ಪು ಮೇಯುವ ಸದ್ದು ಕೇಳಿದವರಿಗೇ ಗೊತ್ತು, ತೆಂಗಿನ ಗರಿ ಮೇಲೆ ತುಂತುರು ಮಳೆ ಬಿದ್ದ ಹಾಗಿರುತ್ತದೆ. ಆ ಸದ್ದಿರುವ ತನಕ ಅವಳಿಗೆ ನಿದ್ದೆ. ಸದ್ದು ತೆಳುವಾದರೆ ಎಚ್ಚರ. ಡಿಗ್ರಿ, ತೇವ ಎಲ್ಲ ಆಮೇಲಿನ ವಿಚಾರಣೆ, ಮೊದಲು ಹುಳು ತಿನ್ನುತ್ತಿದೆಯೋ ಇಲ್ಲವೋ ಅಷ್ಟೇ.

ಅದೇ ತಿಂಗಳು ನಮ್ಮ ಕಂಪನಿಯಲ್ಲೊಂದು ರಾತ್ರಿ ಎಲ್ಲ ಗೆರೆಗಳೂ ಹಸಿರಾಗಿದ್ದವು. ಸಿಪಿಯು ಆರಾಮ, ಮೆಮೊರಿ ಆರಾಮ. ಎಷ್ಟು ಆರಾಮವೆಂದರೆ, ಹಣ ಕಟ್ಟುವ ಪುಟ ಎರಡು ಗಂಟೆಯಿಂದ ತೆರೆಯುತ್ತಲೇ ಇರಲಿಲ್ಲವಾಗಿ ಯಂತ್ರಗಳಿಗೆ ಮಾಡಲು ಕೆಲಸವೇ ಇರಲಿಲ್ಲ. ಬೆಳಿಗ್ಗೆ ಗಿರಾಕಿಯೊಬ್ಬರು ಫೋನು ಮಾಡಿ ಬೈದ ಮೇಲೆ ನಮಗೆ ಗೊತ್ತಾಯಿತು. ಮರುದಿನದ ಮೀಟಿಂಗಿನಲ್ಲಿ ನಾನು ಅವ್ವನ ವಿದ್ಯೆಯನ್ನು ನನ್ನದೆಂಬಂತೆ ಮಂಡಿಸಿದೆ. ನಿಮಿಷಕ್ಕೊಮ್ಮೆ ಒಂದು ಪುಟ್ಟ ಪ್ರೋಗ್ರಾಂ ಗಿರಾಕಿಯ ವೇಷದಲ್ಲಿ ಒಳಗೆ ಹೋಗಬೇಕು, ಸಾಮಾನು ಆರಿಸಬೇಕು, ಹಣ ಕಟ್ಟುವ ತನಕ ನಡೆಯಬೇಕು, ನಡೆಯದಿದ್ದರೆ ಮಾತ್ರ ಕಿರುಚಬೇಕು. ಅದಕ್ಕೆ 'ಹುಳು' ಎಂದು ಹೆಸರಿಟ್ಟೆ. ಈಗ ಪುಣೆಯ ಹುಡುಗಿ, ನೋಯ್ಡಾದ ಹುಡುಗ ಎಲ್ಲರೂ ಬೆಳಗಾದರೆ ಕೇಳುವುದು ಒಂದೇ: "ಹುಲು ತಿಂತಾ?"

ಇಷ್ಟಾದ ಮೇಲೆ ನನಗೆ ಹುಳುವಿನ ಭಾಷೆ ಬಂದಿದೆ ಎಂಬ ಭ್ರಮೆ ಹುಟ್ಟಿದ್ದು ಸಹಜ. ಲೂಯಿ ಪಾಶ್ಚರ್‌ಗೂ 1865ರಲ್ಲಿ ಫ್ರಾನ್ಸಿನ ರೇಷ್ಮೆ ರೋಗ ಹುಡುಕಲು ಕರೆಸಿಕೊಂಡಾಗ ಹುಳು ಸಾಕಿ ಗೊತ್ತಿರಲಿಲ್ಲವಂತೆ. ಆದರೂ ಮೊಟ್ಟೆಯಿಟ್ಟ ಚಿಟ್ಟೆಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟು ರೋಗದ ಕಣ ಕಂಡರೆ ಆ ಮೊಟ್ಟೆಗಳನ್ನೇ ನಾಶ ಮಾಡುವ ಉಪಾಯ ಕಂಡುಹಿಡಿದ. ನನ್ನ ಹೆಂಡತಿಯ ತವರಿನವರು ಬಿತ್ತನೆ ಗೂಡು ಬೆಳೆಯುವವರು, ಇದನ್ನು ನನಗೆ ಹೇಳಿದ್ದು ಅವಳೇ. ನಾನು ಅದರಿಂದ ಕಲಿತದ್ದು, ಹುಳು ಗೊತ್ತಿಲ್ಲದವನೂ ಹುಳುವಿಗೆ ಕೈ ಹಾಕಬಹುದು ಎಂಬುದನ್ನಷ್ಟೇ.

ಅವ್ವ ಕಬ್ಬಾಳಿಗೆ ಹರಕೆ ತೀರಿಸಲು ಹೊರಟ ದಿನ ಹುಳು ಮನೆ ನನ್ನ ಸುಪರ್ದಿಗೆ ಬಂತು. ಮಧ್ಯಾಹ್ನ ಕಿವಿಗೊಟ್ಟರೆ ಸದ್ದಿಲ್ಲ. ಒಳಗೆ ಓಡಿದೆ. ಹೆಚ್ಚುಕಡಿಮೆ ಎಲ್ಲ ಹುಳುಗಳೂ ತಲೆ ಎತ್ತಿ ಕಲ್ಲಾಗಿ ಕೂತಿವೆ. ಐವತ್ತು ಸಾವಿರ ಗಿರಾಕಿಗಳು ಒಟ್ಟಿಗೆ ಕೈಬಿಟ್ಟ ಹಾಗಾಯಿತು. ಅವ್ವನಿಗೆ ನಾಲ್ಕು ಸಲ ಫೋನು ಮಾಡಿದೆ, ಜಾತ್ರೆಯ ಗದ್ದಲದಲ್ಲಿ ಎತ್ತಲಿಲ್ಲ. ಸೇವೆ ನಿಂತರೆ ಮೊದಲು ರೀಸ್ಟಾರ್ಟ್ ಮಾಡಬೇಕೆಂಬುದು ನಮ್ಮ ಪಾಠ. ತಣ್ಣನೆ ಎಳೇ ಸೊಪ್ಪು ತಂದು ತಟ್ಟೆ ತುಂಬ ಹರಡಿದೆ, ಅಲ್ಲಲ್ಲಿ ಬೆರಳಲ್ಲಿ ತಿವಿದು ಎಬ್ಬಿಸಿಯೂ ನೋಡಿದೆ. ಐದನೆಯ ಸಲಕ್ಕೆ ಅವ್ವ ಸಿಕ್ಕಳು.

"ನಾಕ್ನೇ ಜ್ವರಕ್ಕೆ ಕೂತವೆ ಕಣ್ಲಾ! ಮುಟ್ಬ್ಯಾಡ!"

ಹುಳು ಪೊರೆ ಬಿಡಲು ಕೂರುವುದಕ್ಕೆ ನಮ್ಮ ಕಡೆ ಜ್ವರ ಎನ್ನುತ್ತಾರೆ. ಬದುಕಿನಲ್ಲಿ ನಾಲ್ಕು ಸಲ ಬರುವ ಜ್ವರ. ಆಗ ಸೊಪ್ಪು ಹಾಕಬಾರದು, ಸುಣ್ಣದ ಪುಡಿ ಉದುರಿಸಿ ಒಣಗಿಡಬೇಕು. ಎಲ್ಲ ಎದ್ದ ಮೇಲೆ ಒಟ್ಟಿಗೆ ಬಡಿಸಬೇಕು, ಇಲ್ಲದಿದ್ದರೆ ಮೊದಲು ಎದ್ದವು ತಿಂದು ಬೆಳೆಯುತ್ತವೆ, ಉಳಿದವು ಹಿಂದುಳಿಯುತ್ತವೆ. ನಾವೂ 'ಈ ರಾತ್ರಿ ಎರಡರಿಂದ ನಾಲ್ಕರವರೆಗೆ ನಿರ್ವಹಣೆ' ಎಂದು ಮೊದಲೇ ತಿಳಿಸಿ ಗಂಟೆಗಳನ್ನು ಬಂದ್ ಮಾಡುತ್ತೇವಲ್ಲ, ಅದೇ ಇದು. ಹುಳು ನನಗೆ ಮೇಲ್ ಕಳಿಸಿರಲಿಲ್ಲ ಅಷ್ಟೇ.

ಫಲ ರಾಮನಗರದ ಗೂಡು ಮಾರುಕಟ್ಟೆಯಲ್ಲಿ ಸಿಕ್ಕಿತು. ಅರ್ಧ ಹುಳು ಮೊದಲೇ ಹಣ್ಣಾಗಿ ಗೂಡು ಕಟ್ಟಲು ಚಂದ್ರಿಕೆ ಹತ್ತಿದ್ದವು, ಅರ್ಧ ಇನ್ನೂ ಸೊಪ್ಪು ಕೇಳುತ್ತಿದ್ದವು, ಹೀಗಾಗಿ ಗೂಡೂ ಒಂದೊಂದು ಒಂದೊಂದು ಥರ. ಅಪ್ಪ ಜಾಣತನದಿಂದ ದಪ್ಪ ಗೂಡುಗಳನ್ನು ಮೇಲೆ ಹರಡಿದ್ದ. ಆದರೆ ಗೂಡು ಕೊಳ್ಳುವ ರೀಲರ್ ಎಂಬ ಪ್ರಾಣಿ ಮೇಲಿನ ಗೂಡು ನೋಡುವುದೇ ಇಲ್ಲ. ನೇರ ತಳಕ್ಕೆ ಕೈ ತೂರಿಸಿ ಒಂದು ಹಿಡಿ ಎತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ, ಮುಖ ಕಿವುಚಿದ. ಕಂಪನಿಯಲ್ಲಿ ನಾನು ವರ್ಷಗಟ್ಟಲೆ ಬಡಕೊಂಡದ್ದೂ ಇದನ್ನೇ: ಸರಾಸರಿ ನಂಬಬೇಡಿ, ನೂರರಲ್ಲಿ ತೀರಾ ಕೊನೆಗೆ ಉತ್ತರ ಪಡೆದ ಆ ಒಬ್ಬ ಗಿರಾಕಿಯ ಗತಿ ನೋಡಿ. ರೀಲರ್ ಅದನ್ನೇ ನೋಡಿಬಿಟ್ಟ. ನಮ್ಮ ಲಾಟಿಗೆ ಆ ದಿನ ಕೂಗಿದ ಬೆಲೆಯನ್ನು ಅಪ್ಪ ಅವ್ವನಿಗೆ ಹೇಳಲು ಬಿಡದಿಯ ತಟ್ಟೆ ಇಡ್ಲಿ ಕಟ್ಟಿಸಿಕೊಂಡು ಹೋಗಬೇಕಾಯಿತು.

ಅನಾಹುತ ಆದ ಮೇಲೆ ಕಂಪನಿಯಲ್ಲಿ 'ಬ್ಲೇಮ್‌ಲೆಸ್ ಪೋಸ್ಟ್ ಮಾರ್ಟಮ್' ನಡೆಯುತ್ತದೆ. ಯಾರ ಹೆಸರೂ ಎತ್ತುವಂತಿಲ್ಲ, ವ್ಯವಸ್ಥೆಯ ತಪ್ಪನ್ನಷ್ಟೇ ಹುಡುಕಬೇಕು. ನಮ್ಮ ಜಗುಲಿಯಲ್ಲೂ ಆ ರಾತ್ರಿ ಪೋಸ್ಟ್ ಮಾರ್ಟಮ್ ಆಯಿತು. ನನ್ನ ಹೆಸರು, ನನ್ನ ಕಾಲೇಜಿನ ಹೆಸರು, ನನಗೆ ಇಂಜಿನಿಯರಿಂಗ್ ಓದಿಸು ಎಂದು ಸಲಹೆ ಕೊಟ್ಟ ಮೇಷ್ಟರ ಹೆಸರು, ಹೆಣ್ಣು ನೋಡಲು ಹೋದಾಗ ನನ್ನನ್ನು ಹೊಗಳಿದ ಮಾವನ ಹೆಸರು, ಎಲ್ಲ ದಾಖಲಾದವು. ತೀರ್ಪು ಅಲ್ಲೇ ಜಾರಿಗೆ ಬಂತು. ಹುಳು ಮನೆಗೆ ಬೀಗ ಬಿತ್ತು, ಬೀಗದ ಕೈ ಅವ್ವನ ಸೆರಗಿನ ಗಂಟು ಸೇರಿತು. ನನಗೆ ಕಿಟಕಿಯಿಂದ ನೋಡಲು ಮಾತ್ರ ಅನುಮತಿ, ಅದೂ ಕೈ ಕಟ್ಟಿಕೊಂಡು.

ಈಗ ಹೊಸ ಬೆಳೆ ನಡೆದಿದೆ. ಮೊನ್ನೆ ನನ್ನ ಆನ್-ಕಾಲ್ ವಾರ. ಎರಡು ರಾತ್ರಿ ನಿದ್ದೆಗೆಟ್ಟಿದ್ದವನು ಮೂರನೆಯ ರಾತ್ರಿ ಸತ್ತ ಹಾಗೆ ಮಲಗಿಬಿಟ್ಟಿದ್ದೆ. ಯಾರೋ ಗೋಡೆ ಗುದ್ದುತ್ತಿದ್ದರು. ಕಣ್ಣು ಬಿಟ್ಟರೆ ಗಂಟೆ ಎರಡೂವರೆ, ತಲೆದಿಂಬಿನ ಪಕ್ಕ ಫೋನು ಕೆಂಪಗೆ ಉರಿಯುತ್ತ ಬಡಕೊಳ್ಳುತ್ತಿದೆ, ಗೋಡೆಯಾಚೆಯಿಂದ ಅವ್ವ ಪಿಸುಗುಡುತ್ತಿದ್ದಾಳೆ:

"ಎದ್ದೇಳ್ಲಾ, ನಿನ್ ಮೋಡ ಆಗಿಂದ ಬಡ್ಕೋತಾ ಐತೆ. ಮೆಲ್ಲುಕೆ ಎತ್ಕೊ, ಹುಳು ಜ್ವರಕ್ಕೆ ಕೂತವೆ."