ಕೆಮ್ಮಿನ ಕಾಕಾ

ವಿಜಯಪುರದ ಸೊಲ್ಲಾಪುರ ರಸ್ತೆಯಲ್ಲಿ 1986ರಿಂದ ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಇದೆ. ಕೆಮ್ಮಿಕೊಂಡು ಹೊರಟವರು ಅಲ್ಲಿಗೆ ಮುಟ್ಟಬೇಕೆಂದರೆ ಮೊದಲು ಚಾದಂಗಡಿಯ ಬಾಕಿನ ಮೇಲಿನ ಕಾಕಾನ ಕಣ್ಣು ತಪ್ಪಿಸಬೇಕು. ಧೋತರ, ಟೊಪ್ಪಿಗೆ, ಕಿಸೆಯಲ್ಲಿ ಜೇಷ್ಠಮಧುವಿನ ಕಡ್ಡಿ. ಇಂಥವನಿಲ್ಲದ ಊರು ನಮ್ಮ ಕಡೆ ಇದ್ದಂತಿಲ್ಲ.

"ನಿಲ್ಲೋ ತಮ್ಮಾ. ಇನ್ನೊಮ್ಮೆ ಕೆಮ್ಮು."

ಕಣ್ಣು ಮುಚ್ಚಿ ಆಲಿಸುತ್ತಾನೆ. "ಒಣಾ ಕೆಮ್ಮ. ಗಂಧಕದ ಹೊಗಿ ಕುಡದೀದಿ. ತಿಕೋಟಾದಾಂವ ಹೌದಿಲ್ಲೋ?"

ಹುಡುಗ ಬೆರಗಾಗುತ್ತಾನೆ. ಅವನದು ಒಣದ್ರಾಕ್ಷಿ ಶೆಡ್ಡಿನ ಕೆಲಸ. ಪ್ಯಾಂಟಿನ ಮೊಣಕಾಲಿಗೆ ಹಳದಿ ಪುಡಿ ಮೆತ್ತಿದ್ದು ನನಗೂ ಕಾಣುತ್ತಿತ್ತು. ಇರಲಿ.

ಯಾರ ಕೆಮ್ಮಿಗೂ ಔಷಧ ಒಂದೇ: ಅಲ್ಲ ಜಜ್ಜಿ ತುಳಸಿ, ಕಾಳಮೆಣಸು, ಬೆಲ್ಲ ಹಾಕಿ ಕುದಿಸಿದ ಕಷಾಯ. ಮೇಲೆ ಉಪ್ಪುನೀರಿನಿಂದ ಬಾಯಿ ಮುಕ್ಕಳಿಸುವುದು. ಕೂಸು ಎತ್ತಿಕೊಂಡು ಬಂದ ತಾಯಿಗೆ ಮಾತ್ರ ಬೇರೆ ದನಿ. "ವರ್ಷ ತುಂಬೂತನಕ ಜೇನತುಪ್ಪ ನಾಲಿಗಿಗೆ ಮುಟ್ಟಿಸಬ್ಯಾಡ ತಂಗಿ. ನೀನಾಗೇ ಬಾಟ್ಲಿ ಔಷಧನೂ ಹಾಕಬ್ಯಾಡ." 2025ರಲ್ಲಿ ಮಧ್ಯಪ್ರದೇಶದ ಛಿಂದವಾಡಾದಲ್ಲಿ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತ ಸುದ್ದಿಯನ್ನು ಅವನು ಇಡೀ ಬಾಕಿಗೆ ಓದಿ ಹೇಳಿದ್ದ. ಉಸಿರೆಳೆದಾಗ ಕೂಸಿನ ಪಕ್ಕೆ ಒಳಸೇರುತ್ತಿದ್ದರೆ ಮಾತೇ ಇಲ್ಲ, ರಿಕ್ಷಾ ಕೂಗುತ್ತಾನೆ.

ಅವನ ಕೈಗುಣದ ಹೆಸರು ದೊಡ್ಡದು. ನೆಗಡಿಯ ಕೆಮ್ಮು ಬಹುಪಾಲು ವೈರಸ್ಸಿನದು. ಆಂಟಿಬಯಾಟಿಕ್ ನುಂಗಿದರೂ ಬಿಟ್ಟರೂ ಎರಡು ಮೂರು ವಾರದಲ್ಲಿ ತಾನೇ ಹೋಗುತ್ತದೆ. ಹೋಗುವ ಹೊತ್ತಿಗೆ ಕೈಯಲ್ಲಿ ಕಾಕಾನ ಕಷಾಯದ ಲೋಟ ಇರುತ್ತದೆ, ಅಷ್ಟೇ.

ಹೋಗದಿದ್ದರೆ? ಅಲ್ಲಿದೆ ಕಾಕಾನ ನಿಜವಾದ ಹಮ್ಮು. ಹದಿನೈದು ದಿನ ದಾಟಿದ ಕೆಮ್ಮೆಂದರೆ ಅವನಿಗೆ ಅವಮಾನ.

"ನನ್ನ ಕಷಾಯಕ್ಕ ಬಗ್ಗಲಿಲ್ಲಂದ್ರ ಅದು ನನ್ನ ಕೆಮ್ಮ ಅಲ್ಲ. ಸರಕಾರಿ ದವಾಖಾನಿಗೆ ಹೋಗಿ ಕಫಾ ತಪಾಸಣಿ ಮಾಡಸು. ಟಿಬಿ ಇದ್ರ ಗುಳಗಿ ಪುಕ್ಕಟೆ ಕೊಡ್ತಾರ. ಇಲ್ಲಿ ಕುಂದರಬ್ಯಾಡ, ಏಳು!"

ಕಫದಲ್ಲಿ ರಕ್ತ, ಏದುಸಿರು, ಸಂಜೆ ಜ್ವರ, ಇಳಿದ ತೂಕ ಎಂದರೆ ದಿನವನ್ನೂ ಎಣಿಸುವುದಿಲ್ಲ, ಕೂರಲೂ ಬಿಡುವುದಿಲ್ಲ. ಸೋತ ಕೇಸು ತನ್ನ ಬಾಕಿನ ಮೇಲೆ ಕೆಮ್ಮುತ್ತ ಕೂತರೆ ಹೆಸರೇನಾದೀತು? ಜನ ಇದನ್ನು ಕರುಣೆ ಅನ್ನುತ್ತಾರೆ. ನಾನು ಅನ್ನುವುದಿಲ್ಲ. ಆದರೂ ಕರುಣೆಯಿಂದ ಇಷ್ಟು ಜನ ಹೊತ್ತಿಗೆ ಸರಿಯಾಗಿ ದವಾಖಾನೆ ಮುಟ್ಟುತ್ತಿದ್ದರೋ ಇಲ್ಲವೋ.

ಬಬಲೇಶ್ವರದ ಮಾಸ್ತರರೊಬ್ಬರು ತಿಂಗಳುಗಟ್ಟಲೆ ಒಣಕೆಮ್ಮು ಕೆಮ್ಮಿದರು. ಕಾಕಾ ಅವರನ್ನೂ ಅಟ್ಟಿದ. ಬಿಪಿಗೆ ಅವರು ನುಂಗುತ್ತಿದ್ದ ಎನಾಲಾಪ್ರಿಲ್ ಗುಳಿಗೆಯನ್ನು ಡಾಕ್ಟರು ಬದಲಿಸಿದರು, ಕೆಮ್ಮು ನಿಂತಿತು. ಮಾಸ್ತರರು ಬಂದು ಡಾಕ್ಟರನ್ನು ಬಾಯಿ ತುಂಬ ಹೊಗಳಿದರು. ಕಾಕಾ ಚಹಾ ಸಾಸರಿಗೆ ಸುರಿದುಕೊಂಡು ಕೇಳಿದ:

"ಗುಳಗಿ ನುಂಗೂ ಮುಂದ ಕಷಾಯ ಬಿಟ್ಟಿರಲಿಲ್ಲಲ್ರಿ?"

"ಇಲ್ಲ."

"ಹಂಗಾರ ಸೈ."