ಶ್ವಾಸಕೋಶ ಬದಲಿಸಿಕೊಳ್ಳಲಿರುವ ಬೀಡಿ ಬಾಂಧವರಿಗೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಚಾದಂಗಡಿ ಕಟ್ಟೆಯ ಅಣ್ಣಾರೇ, ಕಾಕಾರೇ, ಶರಣು.

ಮೊನ್ನೆ ನಿಮ್ಮಲ್ಲೊಬ್ಬರು ಬೀಡಿ ಹಚ್ಚುತ್ತಾ ಅಂದಿರಿ: ‘ಈಗ ಕ್ಯಾನ್ಸರ್ ಬಂದ್ರೂ ಶ್ವಾಸಕೋಶಾನ ಬದಲಿ ಮಾಡ್ತಾರಂತ, ಟ್ರ್ಯಾಕ್ಟರ್ ಕ್ಲಚ್ ಪ್ಲೇಟ್ ಇದ್ದಂಗ.’ ಅಭಿನಂದನೆಗಳು.

ಸುದ್ದಿ ಸುಳ್ಳಲ್ಲ. ಮನುಷ್ಯನಿಗೆ ಮೊದಲ ಬಾರಿ ಶ್ವಾಸಕೋಶ ಕಸಿ ಮಾಡಿದ್ದೇ ಕ್ಯಾನ್ಸರ್ ರೋಗಿಗೆ: 1963ರಲ್ಲಿ, ಅಮೆರಿಕದ ಮಿಸಿಸಿಪ್ಪಿಯಲ್ಲಿ, ಡಾ. ಜೇಮ್ಸ್ ಹಾರ್ಡಿ ಕೈಯಿಂದ. ರೋಗಿ ಜೈಲಿನಲ್ಲಿದ್ದವನು. 18 ದಿನ ಬದುಕಿದ. 2021ರಲ್ಲಿ ಷಿಕಾಗೋದ ನಾರ್ತ್‌ವೆಸ್ಟರ್ನ್ ಆಸ್ಪತ್ರೆಯಲ್ಲಿ ಡಾ. ಅಂಕಿತ್ ಭರತ್ ತಂಡ ಕೊನೆಯ ಹಂತದ ರೋಗಿಯೊಬ್ಬನ ಎರಡೂ ಶ್ವಾಸಕೋಶ ಬದಲಿಸಿತು, ಆತ ಚೇತರಿಸಿಕೊಂಡ. ಸಿಮೆಂಟ್ ಕೆಲಸದವನು, ಸಿಗರೇಟು ಸೇದದವನು. ಈ ಕೊನೆಯ ಮಾತು ನಮ್ಮ ಕಟ್ಟೆಗೆ ಬರುವಷ್ಟರಲ್ಲಿ ಎಲ್ಲೋ ಉದುರಿತ್ತು.

ಷರತ್ತುಗಳಿವೆ. ಕ್ಯಾನ್ಸರ್ ಗಂಟು ಶ್ವಾಸಕೋಶ ದಾಟಿ ಎಲುಬಿಗೋ ಮಿದುಳಿಗೋ ಹೋಗಿರಬಾರದು, ಬೇರೆ ಚಿಕಿತ್ಸೆಗಳೆಲ್ಲ ಸೋತಿರಬೇಕು. ಕೆಮ್ಮಿಗೆ ಮೆಡಿಕಲ್ ಅಂಗಡಿಯ ಔಷಧ ತಿಂಗಳುಗಟ್ಟಲೆ ಕುಡಿದು, ಕಫದಲ್ಲಿ ರಕ್ತ ಕಂಡ ಮೇಲೆ ಹುಬ್ಬಳ್ಳಿ ಬಸ್ಸು ಹತ್ತುವವರು ನಾವು. ಅಷ್ಟರಲ್ಲಿ ಗಂಟು ನಮಗಿಂತ ಮುಂಚೆ ಪ್ರಯಾಣ ಹೊರಟಿರುತ್ತದೆ. ಬೀಡಿ ಬಿಟ್ಟು ಆರು ತಿಂಗಳಾದರೂ ಆಗಿರಬೇಕು. ಹೊಸ ಶ್ವಾಸಕೋಶವನ್ನು ಮೈ ಒಲ್ಲೆ ಅನ್ನದಂತೆ ರೋಗನಿರೋಧಕ ಶಕ್ತಿಯನ್ನೇ ಕುಗ್ಗಿಸುವ ಗುಳಿಗೆ ಸಾಯುವತನಕ ನುಂಗಬೇಕು. ಎಲ್ಲಾದರೂ ಒಂದು ಕ್ಯಾನ್ಸರ್ ಕಣ ಅಡಗಿ ಉಳಿದಿದ್ದರೆ ಅದಕ್ಕೆ ಹಬ್ಬ. ಅದಕ್ಕೇ ಹೆಚ್ಚಿನ ವೈದ್ಯರು ಕ್ಯಾನ್ಸರಿಗೆ ಈ ಕಸಿಯ ಮಾತನ್ನೇ ಎತ್ತುವುದಿಲ್ಲ.

ಇನ್ನು ಬಿಡಿಭಾಗ. ಮಿದುಳು ನಿಷ್ಕ್ರಿಯವಾದವರ ಮನೆಯವರು ಅಳು ನುಂಗಿಕೊಂಡು ಒಪ್ಪಬೇಕು, ರಾಜ್ಯದ ಅಂಗದಾನ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಸರದಿ ಬರಬೇಕು, ತೆಗೆದ ಶ್ವಾಸಕೋಶ ಆರೆಂಟು ಗಂಟೆಯೊಳಗೆ ಇನ್ನೊಂದು ಎದೆ ಸೇರಬೇಕು. ಹಿರೇಕೆರೂರಿನಿಂದ ಬೆಂಗಳೂರಿಗೆ ಬಸ್ಸಿನ ಹಾದಿಯೇ ಹೆಚ್ಚುಕಡಿಮೆ ಅಷ್ಟಿದೆ.

ಕೊಡುವವರ ಪಟ್ಟಿಯಲ್ಲೂ ನಿಮ್ಮ ಹೆಸರು ಬರೆಸಿರಿ, ತಕರಾರಿಲ್ಲ. ಇಪ್ಪತ್ತು ವರ್ಷ ದಿನಕ್ಕೊಂದು ಕಟ್ಟು ಸೇದಿದ ಶ್ವಾಸಕೋಶವನ್ನು ಸಾಮಾನ್ಯವಾಗಿ ಒಲ್ಲೆ ಅಂತಾರೆ. ಕಣ್ಣು ತಗೋತಾರೆ.

ಇತಿ,
ಪಕ್ಕದ ಬೆಂಚಿನವ, ಹಾನಗಲ್ಲ