ಎರಡು ಸೂಜಿ, ಒಂದು ಆರಿ

ಮಾಸ್ತರಾದವನು ನಿವೃತ್ತಿಯಾದ ಮೇಲೆ ಮಧ್ಯಾಹ್ನದ ಹೊತ್ತು ಮೊಬೈಲು ಹಿಡಿಯಬಾರದು. ನಾನು ಹಿಡಿದೆ. ಅದರಲ್ಲಿ ಯಾರೋ ಗಡ್ಡದವನೊಬ್ಬ ತುಟಿ ಪಿಟಕ್ಕೆನ್ನದೆ ಕೂತು, ಒಂದು ತುಂಡು ಚರ್ಮಕ್ಕೆ ಎಡಬಲದಿಂದ ಎರಡು ಸೂಜಿ ತೂರಿಸಿ ಎಳೆಯುತ್ತಿದ್ದ. ತೂರಿಸುವುದು, ಎಳೆಯುವುದು, ಮತ್ತೆ ತೂರಿಸುವುದು. ಮೂವತ್ತು ಚಿಲ್ಲರೆ ವರ್ಷ ಏಳನೆಯ ಇಯತ್ತೆಯ ಗದ್ದಲದಲ್ಲಿ ಕಳೆದವನಿಗೆ ಆ ಮೌನವೇ ಮರುಳು ಮಾಡಿರಬೇಕು. ಬೆಂಗಳೂರಿನ ಮಗನಿಗೆ ಫೋನು ಮಾಡಿದೆ. "ಅಪ್ಪಾ, ವಾಕಿಂಗ್ ಹೋಗ್ರಿ" ಎಂದ. ಹದಿನೈದು ದಿನಕ್ಕೆ ಸೇಡಂ ಮನೆಗೆ ಪಾರ್ಸಲ್ಲು ಬಂತು.

ಬಿಚ್ಚಿದಾಗ ಮೊದಲು ಕಂಡದ್ದು ಉಕ್ಕಿನ ಮುಳ್ಳುಚಮಚದಂಥ ಮೂರು ಸಾಮಾನು: ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಆರು ಹಲ್ಲಿನದು. "ಇವು ಯಾವ ಅಡಗೀಗಿ ರೀ?" ಎಂದಳು ಹೆಂಡತಿ. ಅಡುಗೆಗಲ್ಲ, ಚರ್ಮದ ಮೇಲಿಟ್ಟು ಮರದ ಸುತ್ತಿಗೆಯಿಂದ ಬಡಿದರೆ ಸಮಸಮ ದೂರಕ್ಕೆ ತೂತು ಬೀಳುತ್ತದೆ ಎಂದು ವಿವರಿಸಿದೆ. ಮೊಂಡು ಮೂತಿಯ ಎರಡು ಸೂಜಿಯೂ ಇದ್ದವು. ಮೊಂಡು ಸೂಜಿ ಕಳಿಸಿ ಅಂಗಡಿಯವ ಮೋಸ ಮಾಡಿದನೆಂದು ಎರಡು ದಿನ ಬೈದೆ. ಆಮೇಲೆ ತಿಳಿಯಿತು, ತೂತು ಮೊದಲೇ ಬಿದ್ದಿರುವುದರಿಂದ ಸೂಜಿಗೆ ಚುಚ್ಚುವ ಕೆಲಸವಿಲ್ಲ, ದಾರಿ ಹುಡುಕುವ ಕೆಲಸವಷ್ಟೆ. ಚೂಪಿದ್ದರೆ ಅದು ಚರ್ಮವನ್ನಲ್ಲ, ಮೊದಲು ಹೊಕ್ಕ ದಾರವನ್ನೇ ಸೀಳುತ್ತದೆ.

ಪಾರ್ಸಲ್ಲಿನಲ್ಲಿದ್ದ ಪುಸ್ತಿಕೆ ಇನ್ನೊಂದು ಸಾಮಾನು ಕೊಳ್ಳಬೇಕೆಂದಿತ್ತು: ಚರ್ಮವಿಟ್ಟು ಬಡಿಯಲು, ಅಂಚು ಹೆರೆಯಲು ಒಂದು ನುಣುಪಾದ ಭಾರದ ಕಲ್ಲುಹಲಗೆ. ಓದಿ ನಾನು ಒಬ್ಬನೇ ನಕ್ಕೆ. ನಮ್ಮ ಮನೆಯ ನೆಲ ಶಹಾಬಾದ ಪರಸಿ, ಕಟ್ಟೆ ಪರಸಿ, ಬಚ್ಚಲು ಪರಸಿ, ಹಿತ್ತಲ ಗೋಡೆ ಪರಸಿ. ಈ ಕಡೆಯ ಹಳೆಯ ಮನೆಗಳಿಗೆ ಮೇಲಿನ ಮಾಳಿಗೆಯೂ ಪರಸಿಯೇ. ಶಹಾಬಾದ, ಚಿತ್ತಾಪುರ, ಸೇಡಂನವರು ಹುಟ್ಟುವುದೇ ಕಲ್ಲುಹಲಗೆಯ ಮೇಲೆ. ಆದರೆ ಕಲ್ಲಿನ ಮೇಲೆ ನೇರ ಬಡಿದರೆ ಉಳಿಯ ಹಲ್ಲು ಮುರಿಯುತ್ತದೆ, ನಡುವೆ ಒಂದು ಹಲಗೆ ಇರಬೇಕು. ಇದು ಎರಡು ಹಲ್ಲಿನದು ಒಂದು ಹಲ್ಲಿನದಾದ ಮೇಲೆ ಕಲಿತ ಪಾಠ.

ಮೂರು ದಿನ ಟಕ್ ಟಕ್ ಕೇಳಿದ ಪಕ್ಕದ ಮನೆಯವರು ಬಂದು ಬಾಗಿಲಲ್ಲೇ ನಿಂತು ನೋಡಿ, ಏನೂ ಕೇಳದೆ ಹೋದರು. ಮಾಸ್ತರರ ಪೆನ್ಶನ್ ನಿಂತದೇನೋ ಎಂದು ಅವರು ಹೆಂಡತಿಯನ್ನು ವಿಚಾರಿಸಿದ್ದು ಸಂಜೆ ಗೊತ್ತಾಯಿತು. ಅವರ ಗಾಬರಿ ಪೆನ್ಶನ್ನಿನದಷ್ಟೇ ಅಲ್ಲ ಎಂಬುದೂ ಗೊತ್ತಾಯಿತು. ನಾನು ಹುಡುಗನಿದ್ದಾಗ ಚಪ್ಪಲಿ ಮುಟ್ಟಿದ ಕೈ ತೊಳೆಯದೆ ಅಡಿಗೆಮನೆ ಹೊಕ್ಕರೆ ಅಜ್ಜಿ ಬಿಡುತ್ತಿರಲಿಲ್ಲ. ಅದೇ ಅಜ್ಜಿ ಶ್ರಾವಣದ ಪುರಾಣದಲ್ಲಿ ಹರಳಯ್ಯನ ಕಥೆ ಬಂದಾಗ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಹರಳಯ್ಯನ ಒಂದು ಶರಣಿಗೆ ಬಸವಣ್ಣ ಎರಡು ಶರಣು ಹೇಳಿದನಲ್ಲ, ಆ ಸಾಲ ತೀರಿಸಲು ಹರಳಯ್ಯ ಕಲ್ಯಾಣಮ್ಮ ದಂಪತಿ ತಮ್ಮ ತೊಡೆಯ ಚರ್ಮದಿಂದಲೇ ಪಾದರಕ್ಷೆ ಮಾಡಿದ ಕಥೆ. ಐವತ್ತು ಸಲ ಕೇಳಿದ್ದೇನೆ. ಅದನ್ನು ಯಾವ ದಾರದಿಂದ ಹೊಲಿದಿರಬಹುದು, ತೂತು ಎಷ್ಟು ಹತ್ತಿರ ಹಾಕಿರಬಹುದು ಎಂಬ ಯೋಚನೆ ಬಂದದ್ದು ಮಾತ್ರ ಈ ವರ್ಷ.

ಹೊಲಿಯುವ ಹರಳಯ್ಯನ ಹಿಂದೆ ಹದ ಮಾಡುವ ಡೋಹರ ಕಕ್ಕಯ್ಯನೂ ಇದ್ದಾನೆ. ಹಸಿ ತೊಗಲನ್ನು ಸುಣ್ಣದ ನೀರಲ್ಲಿ ನೆನೆಹಾಕಿ ಕೂದಲು ಸಡಿಲಿಸಿ ಹೆರೆಯಬೇಕು; ಆಮೇಲೆ ತೊಗಟೆಯ ಕಷಾಯದಲ್ಲಿ ವಾರಗಟ್ಟಲೆ ಅದ್ದಿಡಬೇಕು. ಸುಣ್ಣಕ್ಕೆ ನಮ್ಮಲ್ಲಿ ಬರವಿಲ್ಲ, ನೆಲ ಅಗೆದರೆ ಸಿಗುವುದೇ ಸುಣ್ಣದ ಕಲ್ಲು. ವಾಡಿಯ ಸಿಮೆಂಟು ಅದರಿಂದಲೇ. ತೊಗಟೆ ತಂಗಡಿ ಗಿಡದ್ದು. ಚಿಂಚೋಳಿ ಕಡೆ ಹೊರಟರೆ ರಸ್ತೆಬದಿಗೆ ಹಳದಿ ಹೂ ಹೊತ್ತು ನಿಂತಿರುತ್ತದೆ. ಗಡಿ ದಾಟಿದರೆ ಅದೇ ಹೂವು ತೆಲಂಗಾಣದ ರಾಜ್ಯಪುಷ್ಪ, ಬತುಕಮ್ಮನ ಹಬ್ಬದಲ್ಲಿ ಪೂಜೆಗೆ ಕೂರುತ್ತದೆ. ಹೂವು ಪೂಜೆಗೆ, ತೊಗಟೆ ತೊಗಲಿನ ಗುಂಡಿಗೆ. ಗಿಡಕ್ಕೆ ಇದರಿಂದ ಯಾವ ಮುಜುಗರವೂ ಆದಂತಿಲ್ಲ. ಈಗ ಹೆಚ್ಚಿನ ಚರ್ಮ ಕ್ರೋಮಿಯಂ ಉಪ್ಪಿನಲ್ಲಿ ಬೇಗ ಹದವಾಗಿ ಬರುತ್ತದೆ. ಅದು ಮೆತ್ತಗೆ, ಆದರೆ ಅಂಚು ಎಷ್ಟು ಉಜ್ಜಿದರೂ ಹೊಳೆಯುವುದಿಲ್ಲ. ತೊಗಟೆಯಲ್ಲಿ ಹದವಾದದ್ದರ ಅಂಚಿಗೆ ಒಂದಿಷ್ಟು ನೀರು ಹಚ್ಚಿ ಕಟ್ಟಿಗೆಯಿಂದ ತಿಕ್ಕಿದರೆ ಹುಣಸೆ ಬೀಜದ ಹಾಗೆ ಮಿನುಗುತ್ತದೆ. ಆ ಮಿನುಗಿಗೆ ನಾನು ಎಷ್ಟೋ ಊಟ ತಣ್ಣಗೆ ಮಾಡಿಕೊಂಡಿದ್ದೇನೆ.

ಹೊಲಿಗೆಯ ವಿಷಯಕ್ಕೆ ಬರುತ್ತೇನೆ. ಹೊಲಿಯಬೇಕಾದ ಉದ್ದದ ಸುಮಾರು ನಾಲ್ಕರಷ್ಟು ದಾರ ಬೇಕು, ಅದರ ಎರಡೂ ತುದಿಗೆ ಸೂಜಿ. ಪ್ರತಿ ತೂತಿನಲ್ಲೂ ಎರಡೂ ಸೂಜಿ ಎದುರುಬದುರು ದಾಟಿ, ಎರಡೂ ಕೈ ಒಟ್ಟಿಗೆ ಅಗಲಿಸಿ ಎಳೆಯಬೇಕು. ಕುದುರೆಯ ಜೀನು ಹೊಲಿಯುವವರ ಹೊಲಿಗೆಯಿದು. ಮೊದಲ ದಿನ ನನ್ನ ಬಲಗೈ ಚಹಾದ ಕಪ್ಪನ್ನೂ ಎಡಗೈ ಕನ್ನಡಕವನ್ನೂ ಉರುಳಿಸಿತು.

ಇಷ್ಟರಲ್ಲಿ ಹೆಂಡತಿಯ ಅಣ್ಣನ ಮಗಳ ಮದುವೆ ಬಂತು. ಕುಪ್ಪಸಕ್ಕೆ "ಆರಿ ವರ್ಕ್" ಮಾಡಿಸಬೇಕೆಂದು ನಾಲ್ಕು ಸಾವಿರ ಎಣಿಸಿದೆವು. ಚೌಕಟ್ಟಿಗೆ ಬಿಗಿದ ರೇಷ್ಮೆಯ ಮೇಲೆ ಹುಡುಗಿಯೊಬ್ಬಳು ಕೊಕ್ಕೆಮೂತಿಯ ಸಣ್ಣ ಸೂಜಿ ಚುಚ್ಚಿ, ಕೆಳಗಿನ ದಾರವನ್ನು ಕುಣಿಕೆಯಾಗಿ ಮೇಲಕ್ಕೆಳೆದು ನವಿಲು ಬಿಡಿಸುತ್ತಿದ್ದಳು. ನನಗೆ ಒಮ್ಮೆಲೇ ವಾಡಿ ಸ್ಟೇಶನ್ನಿನ ಹೊರಗೆ ಕೂತು ಚಪ್ಪಲಿ ಹೊಲಿಯುವ ಕಾಕಾನ ಕೈ ನೆನಪಾಯಿತು. ಕಚ್ಛ್, ಸೌರಾಷ್ಟ್ರದ ಮೋಚಿಗಳು ಚರ್ಮ ಹೊಲಿಯುವ ಆರಿಯನ್ನೇ ಸಣ್ಣದು ಮಾಡಿ ರೇಷ್ಮೆಗೆ ತಂದ ಕಸೂತಿಯಿದು. ಅಲ್ಲಿ ಅದಕ್ಕೆ ಮೋಚಿ ಭರತ್ ಎಂದೇ ಹೆಸರು. ಕುಪ್ಪಸ ತೊಟ್ಟು ಕನ್ನಡಿಯ ಮುಂದೆ ನಿಂತವಳಿಗೆ ಇದನ್ನು ಹೇಳಿದೆ. "ಇವತ್ತು ಮದುವಿ ಅದ, ಸುಮ್ನಿರ್ರಿ" ಎಂದಳು.

ಆ ಕಾಕಾನಿಗೆ ನಾನು ಹೊಲಿದ ಮೊದಲ ಪಾಕೀಟು ತೋರಿಸಬೇಕೆನ್ನಿಸಿತು. ಸೇಡಂನಿಂದ ವಾಡಿಗೆ ರೈಲು ಹತ್ತಿದೆ. ನಿಜಾಮರ ಕಾಲದಲ್ಲಿ, 1874ರಲ್ಲಿ, ವಾಡಿ-ಸಿಕಂದರಾಬಾದಿನ ನಡುವೆ ಶುರುವಾದ ದಾರಿಯಿದು. ಮಳಖೇಡ ಬಂತು, ಚಿತ್ತಾಪುರ ಬಂತು, ವಾಡಿಯಲ್ಲಿ ಇಳಿಯುವ ಅವಸರದಲ್ಲಿ ಬಲಗಾಲ ಚಪ್ಪಲಿಯ ಉಂಗುಟ ಕಿತ್ತಿತು. ಬಗಲಚೀಲದಲ್ಲಿ ಎರಡು ಸೂಜಿ, ಮೇಣದ ದಾರದ ಉಂಡೆ, ಸುತ್ತಿಗೆ ಎಲ್ಲ ಇವೆ; ನಾನು ಮಾತ್ರ ಚಪ್ಪಲಿ ಎಳೆಯುತ್ತಾ ಕಾಕಾನ ಮುಂದೆ ಹೋಗಿ ನಿಂತೆ.

"ಕುಂದರ್ರಿ ಸರ" ಎಂದು ಗೋಣಿ ಸರಿಸಿದ. ಅವನ ಮುಂದೆ ಸವೆದು ನಡುವೆ ತಗ್ಗಾದ ಒಂದು ಪರಸಿ ತುಂಡು, ಅದರ ಮೇಲೆ ಚರ್ಮ ಹೆರೆಯುವ ರಾಂಪಿ, ಪಕ್ಕಕ್ಕೆ ಮೂರು ಕಾಲಿನ ಕಬ್ಬಿಣದ ಅಚ್ಚು. ಪಾಕೀಟು ಕೊಟ್ಟೆ, ಸೂಜಿಗಳನ್ನೂ ತೋರಿಸಿದೆ.

"ಎರಡು ಸೂಜಿ ಯಾಕ್ರಿ?"

ಮಶೀನಿನ ಹೊಲಿಗೆಯಲ್ಲಿ ಮೇಲಿನ ದಾರವೂ ಕೆಳಗಿನ ದಾರವೂ ಬರೀ ಕೊಂಡಿ ಹಾಕಿಕೊಂಡು ನಿಂತಿರುತ್ತವೆ, ಒಂದು ಹರಿದರೆ ಇನ್ನೊಂದು ಸಡಿಲ. ಇದರಲ್ಲಿ ಎರಡೂ ಎಳೆ ಎಲ್ಲ ತೂತುಗಳಲ್ಲೂ ಹಾದಿರುವುದರಿಂದ ಒಂದು ಸವೆದರೂ ಇನ್ನೊಂದು ಹಿಡಿದಿರುತ್ತದೆ ಎಂದು ಪಾಠ ಒಪ್ಪಿಸಿದೆ. ಅವನು ಹೂಂಗುಟ್ಟುತ್ತಲೇ ನನ್ನ ಚಪ್ಪಲಿಯನ್ನು ಕಾಲ ಹೆಬ್ಬೆರಳಿನಲ್ಲಿ ಅದುಮಿ ಹಿಡಿದು ಆರಿ ಚುಚ್ಚಿದ. ಕೊಕ್ಕೆ ಕೆಳಗಿನಿಂದ ಕುಣಿಕೆ ತಂತು, ಕುಣಿಕೆಯೊಳಗೆ ಇನ್ನೊಂದು ತುದಿ ಹೊಕ್ಕಿತು, ಎಳೆದ. ಅವನದೂ ಕೊಂಡಿಯ ಹೊಲಿಗೆಯೇ ಎಂದು ಆಗ ಕಂಡು ನಾಲಿಗೆ ಕಚ್ಚಿಕೊಂಡೆ. ಆದರೆ ಮಶೀನು ಎಳೆಯುವುದಕ್ಕೂ ಅವನು ಎಳೆಯುವುದಕ್ಕೂ ವ್ಯತ್ಯಾಸವಿತ್ತು. ಪ್ರತಿ ಸಲ ದಾರವನ್ನು ಅಂಗೈಗೆ ಸುತ್ತಿ, ಅದು ಸಣ್ಣಗೆ ಕಿರ್ ಎನ್ನುವವರೆಗೆ ಬಿಡುತ್ತಿರಲಿಲ್ಲ. ಅಂಗೈ ಅಂಚಿಗೆ ದಾರದ ಗೀರೊಂದು ಖಾಯಂ ಬಿದ್ದಿತ್ತು. ತೂತಿನ ದೂರಕ್ಕೆ ಉಕ್ಕಿನ ಚಮಚವೂ ಇರಲಿಲ್ಲ, ಕಣ್ಣಿತ್ತು.

ನಡುವೆ ಕೈ ಬಿಡುವಾದಾಗ ನನ್ನ ಪಾಕೀಟನ್ನು ತಿರುಗಿಸಿದ. ಹೊಲಿಗೆಯ ಮೇಲೆ ಉಗುರು ಎಳೆದ. ಹಿಂದಿನ ಮಗ್ಗುಲು ನೋಡಿದ. ಅಲ್ಲಿ ನನ್ನ ಸಾಲು ರೈಲು ಹಳಿ ಬಿಟ್ಟಂತೆ ನಾಲ್ಕು ಕಡೆ ಪಕ್ಕಕ್ಕೆ ಸರಿದಿತ್ತು. ಬಹಳ ಹೊತ್ತು ಯೋಚಿಸಿ ಹೇಳಿದ:

"ದಾರ ಛಲೋ ಅದ ಸರ."

ಉಂಡೆಯನ್ನೇ ತೆಗೆದು ಕೊಟ್ಟೆ. ಮೂಸಿ ನೋಡಿ, ಬೆರಳಲ್ಲಿ ತಿಕ್ಕಿ, ಅರ್ಧಕ್ಕೆ ಬಂದಿದ್ದ ತನ್ನ ದಾರ ಬಿಚ್ಚಿ ಇದರಿಂದಲೇ ಉಂಗುಟ ಹೊಲಿದ. ಇಪ್ಪತ್ತು ರೂಪಾಯಿ ಚಾಚಿದರೆ ಹತ್ತು ತಿರುಗಿ ಕೊಟ್ಟ. "ದಾರ ನಿಮ್ಮದ ಅದಲ್ರಿ."

ಸೇಡಂ ಕಡೆಯ ಗಾಡಿಗೆ ಇನ್ನೂ ಮುಕ್ಕಾಲು ತಾಸಿತ್ತು. ಏನೂ ಆಗದ ಎಡಗಾಲಿನ ಚಪ್ಪಲಿಯನ್ನೂ ಬಿಚ್ಚಿ ಅವನ ಕಲ್ಲಿನ ಮೇಲಿಟ್ಟೆ.